ಇಂಗ್ಲಿಷಿನಲ್ಲಿ ಇಲ್ಲದ ವಾರಗಿತ್ತಿ

ನಮ್ಮ ಫ್ರೀಮಾಂಟಿನಲ್ಲಿ ಕೆಲಸ ಹೋದವರು ಏನು ಮಾಡಿದರೂ ಜನ ಅರ್ಥ ಮಾಡಿಕೊಳ್ಳುತ್ತಾರೆ. ಯೋಗ ಕಲಿಸಲು ಹೊರಟರೆ ಒಳ್ಳೆಯದು ಎನ್ನುತ್ತಾರೆ. ಮನೆ ಮಾರಿಸುವ ಲೈಸೆನ್ಸ್ ತೆಗೆದುಕೊಂಡರೆ ಜಾಣತನ ಎನ್ನುತ್ತಾರೆ. ಹೋಳಿಗೆ ಮಾಡಿ ಮಾರಿದರೆ ಹಬ್ಬಕ್ಕೆ ಆರ್ಡರ್ ಕೊಟ್ಟು ಬೆನ್ನು ತಟ್ಟುತ್ತಾರೆ. ಇಂಗ್ಲಿಷ್ ಬಿ.ಎ. ಓದುತ್ತೇನೆ ಎಂದರೆ ಮಾತ್ರ ನಿಮ್ಮ ಗಂಡನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ ಎಂದು ವಿಚಾರಿಸುತ್ತಾರೆ. ನನ್ನ ಗಂಡ, ಪಾಪ, ಇಂಥ ವಿಚಾರಣೆಗಳಿಗೆ ಉತ್ತರ ಕೊಟ್ಟು ಸುಸ್ತಾಗಿ, ನಾನು ಯಾವುದೋ 'ಕಮ್ಯುನಿಕೇಷನ್ ಕೋರ್ಸು' ಮಾಡುತ್ತಿದ್ದೇನೆ ಎಂದು ಹೇಳಲು ಶುರು ಮಾಡಿದರು. ಕೇಳಿದವರು ಅದು ಮ್ಯಾನೇಜ್‌ಮೆಂಟಿಗೆ ಸಂಬಂಧಪಟ್ಟದ್ದು ಎಂದುಕೊಳ್ಳಲಿ ಎಂಬ ಆಸೆ. ನಾನು ಪಕ್ಕದಲ್ಲೇ ನಿಂತು, "ಅಲ್ಲ, ಪದ್ಯ ಓದ್ತಿದೀನಿ" ಎಂದು ತಿದ್ದುತ್ತಿದ್ದೆ.

ಮೈಸೂರಿನಲ್ಲಿ ನಾನು ಪಿಯುಸಿ ಮುಗಿಸಿದಾಗಲೇ ಇಂಗ್ಲಿಷ್ ಓದುವ ಆಸೆಯಿತ್ತು. ಸೀಟು ಸಿಗದವರು ಓದುವ ವಿಷಯ ಅದು, ನಿನಗೆ ಸಿಕ್ಕಿದೆಯಲ್ಲ ಎಂದರು ಅಪ್ಪ. ಹೀಗೆ ಮಾರ್ಕ್ಸ್ ಚೆನ್ನಾಗಿ ಬಂದ ತಪ್ಪಿಗೆ ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ಆದೆ. ಈ ದೇಶಕ್ಕೆ ಬಂದು, ಪಕ್ಕದೂರು ಮಿಲ್ಪಿಟಾಸಿನ ಒಂದು ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷೆ ಮಾಡುತ್ತಾ ತಲೆಗೂದಲು ಬೆಳ್ಳಗಾಗಿಸಿಕೊಂಡೆ. ಒಂದು ಬೆಳಿಗ್ಗೆ ನಮ್ಮ ಇಡೀ ವಿಭಾಗವನ್ನೇ ಮೀಟಿಂಗಿಗೆ ಕರೆದು ಮನೆಗೆ ಕಳಿಸಿದರು. ಜೊತೆಯವರು ಕಾರಿನಲ್ಲಿ ಕೂತು ಅತ್ತರು. ನಾನು ಕಾರಿನಲ್ಲಿ ಕೂತು, ಇನ್ನು ನನ್ನನ್ನು ಕೇಳುವವರು ಯಾರು ಎಂದು ಯೋಚಿಸಿದೆ.

ಕೇಳುವವರು ಇದ್ದರು. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಈಗ ಇಂಗ್ಲಿಷನ್ನೆಲ್ಲ ಕಂಪ್ಯೂಟರೇ ಬರೆಯುತ್ತದಲ್ಲ, ನೀನು ಕಲಿತು ಏನು ಮಾಡುತ್ತೀ ಎಂದರು. ಕಂಪ್ಯೂಟರು ಚೆಸ್ಸನ್ನೂ ಆಡುತ್ತದೆ, ನೀವು ಯಾಕೆ ಭಾನುವಾರವೆಲ್ಲ ಬೋರ್ಡಿನ ಮುಂದೆ ಕೂರುತ್ತೀರಿ ಎಂದು ಕೇಳಿದೆ. ಅವರ ಹೆಂಡತಿ ಭಾರತಿ ಅಕ್ಕ ಮಾತ್ರ ಇಷ್ಟು ನಯವಾಗಿ ಮಾತಾಡುವವರಲ್ಲ. "ವಸು, ಈ ವಯಸ್ಸಲ್ಲಿ ಮಂಡಿಗೆ ಎಕ್ಸರ್ಸೈಜ್ ಮಾಡ್ಬೇಕು. ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೋಗ್ತಾರಾ?" ಎಂದರು. ಕಾಲೇಜಿನಲ್ಲಿ ಎಷ್ಟೊಂದು ಮೆಟ್ಟಿಲುಗಳಿವೆ ಎಂದು ನಾನು ಅವರಿಗೆ ವಿವರಿಸಿದೆ.

ತರಗತಿಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ನನ್ನ ಮಗಳಿಗಿಂತ ಚಿಕ್ಕವರು. ಮೊದಲ ದಿನ ನಾನು ಒಳಗೆ ಹೋದಾಗ, ನಾನೇ ಪ್ರೊಫೆಸರು ಎಂದುಕೊಂಡು ಎಲ್ಲರೂ ಫೋನು ಒಳಗಿಟ್ಟರು. ನಾನು ಹಿಂದಿನ ಸಾಲಿನಲ್ಲಿ ಕೂತ ಮೇಲೆ ಮತ್ತೆ ಹೊರಗೆ ತೆಗೆದರು. ನಿಜವಾದ ಪ್ರೊಫೆಸರು ಕ್ಲೇರ್. ಹುಡುಗರು ಹೆಸರು ಹಿಡಿದೇ ಕರೆಯುತ್ತಾರೆ, ನನ್ನ ಬಾಯಿಗೆ 'ಮೇಡಂ' ಸೇರಿಸದಿದ್ದರೆ ಸಮಾಧಾನವಿಲ್ಲ. ನಿಮ್ಮ ಬದುಕಿನ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಿರಿ ಎಂದು ಆಕೆ ಹೇಳಿದಾಗ ನಾನು ಭಾರತಿ ಅಕ್ಕನ ಬಗ್ಗೆ ಬರೆದೆ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ವಾರಗಿತ್ತಿಗೆ 'ಕೋ-ಸಿಸ್ಟರ್' ಎನ್ನುವುದು ರೂಢಿ. ಹಾಗೆಯೇ ಬರೆದೆ.

ಪ್ರಬಂಧ ವಾಪಸು ಬಂದಾಗ ಆ ಪದ ಬಂದಲ್ಲೆಲ್ಲ ಸುತ್ತು ಹಾಕಿತ್ತು. ಹೀಗೊಂದು ಪದ ಇಂಗ್ಲಿಷಿನಲ್ಲಿ ಇಲ್ಲ, 'ಸಿಸ್ಟರ್-ಇನ್-ಲಾ' ಎಂದು ತಿದ್ದಿ ಮತ್ತೆ ಕೊಡಿ ಎಂದಿತ್ತು. ತಿದ್ದದಿದ್ದರೆ ಗ್ರೇಡು ಬೀಳುತ್ತದೆ. ಈ ತರಗತಿಯಲ್ಲಿ ಗ್ರೇಡು ಬಿದ್ದರೆ ಮುಂದಿನದಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾನು ಯಾವಾಗ ಸೋತು ಬರುತ್ತೇನೋ ಎಂದು ಅರ್ಧ ಫ್ರೀಮಾಂಟ್ ಕಾಯುತ್ತಿತ್ತು. ತಿದ್ದುವುದು ಒಂದು ನಿಮಿಷದ ಕೆಲಸ, ಕಂಪ್ಯೂಟರಿಗೆ ಹೇಳಿದರೆ ತಾನೇ ತಿದ್ದುತ್ತದೆ ಎಂದರು ನನ್ನ ಗಂಡ. ಆದರೆ ನನಗೆ ಸಿಟ್ಟು ಬಂದಿತ್ತು. ನಾದಿನಿಗೂ ಸಿಸ್ಟರ್-ಇನ್-ಲಾ, ಅತ್ತಿಗೆಗೂ ಸಿಸ್ಟರ್-ಇನ್-ಲಾ, ವಾರಗಿತ್ತಿಗೂ ಅದೇ. ಮಸಾಲೆ ಡಬ್ಬಿಯ ಬಟ್ಟಲುಗಳಿಗೆಲ್ಲ 'ಪುಡಿ' ಎಂದು ಚೀಟಿ ಅಂಟಿಸಿದ ಹಾಗೆ! ತಿದ್ದುವುದಿಲ್ಲ ಎಂದೆ.

ಸುದ್ದಿ ಭಾರತಿ ಅಕ್ಕನಿಗೆ ಮುಟ್ಟಿತು. ಅವರು ನಗುತ್ತಾರೆ ಎಂದುಕೊಂಡಿದ್ದೆ. ಫೋನ್ ಮಾಡಿ, "ನಾನು ಇಲ್ಲ ಅಂದ್ಲಾ?" ಎಂದು ಕೇಳಿದರು. ನೀವಲ್ಲ ಅಕ್ಕ, ಪದ ಎಂದೆ. "ಎಲ್ಲಾ ಒಂದೇ. ಯಾವತ್ತು ಸಿಗ್ತಾಳೆ ಅವಳು? ನಾನೂ ಬರ್ತೀನಿ. ನನ್ನ ಮುಖ ನೋಡಿ ಹೇಳ್ಲಿ ಆ ಮಾತು."

ಹೀಗೆ ಭಾರತಿ ಅಕ್ಕ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ಒಂದು ಡಬ್ಬಿ ಕೋಡುಬಳೆ ಹಿಡಿದು, ನನ್ನ ಜೊತೆ ರೈಲು ಹತ್ತಿದರು. ಕಾಲೇಜಿನ ಮೆಟ್ಟಿಲುಗಳನ್ನು ನನಗಿಂತ ಮುಂದಾಗಿ ಹತ್ತಿದರು. ಕ್ಲೇರ್ ಮೇಡಂ ಗಾಬರಿಯಾಗಿ ಎದ್ದು ನಿಂತರು. ನಾನು ರಾತ್ರಿಯೆಲ್ಲ ತಯಾರಿ ಮಾಡಿಕೊಂಡ ವಾದವನ್ನು ಶುರು ಮಾಡುವ ಮೊದಲೇ ಭಾರತಿ ಅಕ್ಕ ತಮ್ಮ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು: ಇವಳ ಗಂಡ, ನನ್ನ ಗಂಡ ಅಣ್ಣತಮ್ಮಂದಿರು. ನಾವಿಬ್ಬರೂ ಹೊರಗಿನಿಂದ ಬಂದವರು. ನಮ್ಮಿಬ್ಬರಿಗೂ ಒಬ್ಬರೇ ಅತ್ತೆ.

ಕ್ಲೇರ್ ಮೇಡಂ, ಅಕ್ಕ ಕೈಗಿಟ್ಟ ಕೋಡುಬಳೆ ಮುರಿಯುವುದನ್ನು ನಿಲ್ಲಿಸಿದರು. ತನ್ನ ಗಂಡನಿಗೂ ಒಬ್ಬ ತಮ್ಮನಿದ್ದಾನೆ, ಅವನ ಹೆಂಡತಿಯನ್ನು ಯಾರಿಗಾದರೂ ಪರಿಚಯಿಸುವಾಗ ಏನು ಹೇಳಬೇಕೆಂದೇ ತಿಳಿಯುವುದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಪ್ರತಿ ಕ್ರಿಸ್‌ಮಸ್ಸಿಗೂ ಅತ್ತೆಯ ಮನೆಯ ಅಡುಗೆಕೋಣೆಯಲ್ಲಿ ತಾವಿಬ್ಬರೇ ಒಬ್ಬರಿಗೊಬ್ಬರು ದಿಕ್ಕು ಎಂದರು. ಭಾರತಿ ಅಕ್ಕ ನನ್ನ ಕಡೆ ತಿರುಗಿ, "ನೋಡು, ಅರ್ಥ ಆಯ್ತು ಹುಡುಗಿಗೆ" ಎಂದರು.

ಪದವನ್ನು ಉಳಿಸಿಕೊಳ್ಳಿ ಎಂದರು ಕ್ಲೇರ್ ಮೇಡಂ. ಆದರೆ ನಿಮ್ಮ ಪ್ರಬಂಧದಲ್ಲಿ ಅದರ ಅರ್ಥ ಎಲ್ಲಿಯೂ ಬಂದಿಲ್ಲ, ಇವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನೀವು ಪುಟಗಟ್ಟಲೆ ಬರೆದೂ ಹೇಳಿಲ್ಲ, ಅದನ್ನು ಸೇರಿಸಿ ಎಂದರು. ನಾನು ಗೆದ್ದೆನೋ ಸೋತೆನೋ ಗೊತ್ತಾಗಲಿಲ್ಲ. ಗೆದ್ದೆ ಎಂದೇ ಎಲ್ಲರಿಗೂ ಹೇಳಿದ್ದೇನೆ.

ವಾಪಸು ಬರುವಾಗ ರೈಲಿನಲ್ಲಿ ಭಾರತಿ ಅಕ್ಕ ಪ್ರಬಂಧ ಕೇಳಿದರು. ಕೊಡದೆ ಗತಿಯಿರಲಿಲ್ಲ. ಅತ್ತೆ ಅವರನ್ನು ಗದರಿದಾಗಲೆಲ್ಲ ನಾನು ಒಂದು ಸ್ಟೀಲ್ ಪಾತ್ರೆಯನ್ನು ಬೇಕೆಂದೇ ಬೀಳಿಸಿ, ಬೈಗುಳವನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದೆ ಎಂದು ಬರೆದಿದ್ದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಪಾತ್ರೆ ಬೀಳಿಸ್ತಿದ್ದದ್ದು ನಾನು ಕಣೇ. ಬೈಸ್ಕೊಳ್ತಿದ್ದವಳು ನೀನು."

ನನಗೆ ಹಾಗೆ ನೆನಪಿಲ್ಲ ಎಂದೆ. ತಿದ್ದು ಎಂದರು. ಒಂದು ಪದವನ್ನೇ ತಿದ್ದದವಳು ಇಡೀ ಪಾತ್ರೆಯನ್ನು ತಿದ್ದುತ್ತೇನೆಯೇ? ಬರೆದವಳು ನಾನು, ಪಾತ್ರೆ ಬೀಳಿಸುವವಳೂ ನಾನೇ, ಬೇಕಿದ್ದರೆ ನೀವೂ ಕಾಲೇಜು ಸೇರಿ ನಿಮ್ಮದನ್ನು ಬರೆಯಿರಿ ಎಂದುಬಿಟ್ಟೆ.

ಇಲ್ಲಿ ಹಿರಿಯ ನಾಗರಿಕರಿಗೆ ತರಗತಿಯಲ್ಲಿ ಕೂರಲು ಬಿಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಭಾರತಿ ಅಕ್ಕ ಈ ಸೆಮೆಸ್ಟರು ಕ್ಲೇರ್ ಮೇಡಂ ತರಗತಿಗೆ ಸೇರಿದ್ದಾರೆ. ಮೊದಲ ಪ್ರಬಂಧದ ವಿಷಯ ನಾನಂತೆ. ಓದಲು ಕೇಳಿದೆ, ಕೊಡಲಿಲ್ಲ. ಕ್ಲೇರ್ ಮೇಡಂ ಈಚೆಗೆ ನನ್ನನ್ನು ಕಾರಿಡಾರಿನಲ್ಲಿ ಕಂಡಾಗಲೆಲ್ಲ ನಗು ತಡೆಯಲು ತುಟಿ ಕಚ್ಚಿಕೊಂಡು ಬೇರೆ ಕಡೆ ನೋಡುತ್ತಾರೆ. ನಾನು ತಲೆ ಎತ್ತಿಕೊಂಡೇ ನಡೆಯುತ್ತೇನೆ, ಸ್ವಲ್ಪ ಜೋರಾಗಿ.