ರಾಜೇಸಾಬರ ಬೆಳಕಿಂಡಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಇರಬೇಕು. ಲೋಕದಲ್ಲಿ ಜನ ಪಕ್ಕದ ಮನೆಯವನ ಕಾರು ನೋಡಿ ಉರಿಯುತ್ತಾರೆ, ಬಡ್ತಿ ನೋಡಿ ಉರಿಯುತ್ತಾರೆ. ನಾನು ಮಾತ್ರ ಬಹಳ ವರ್ಷ ಒಬ್ಬ ಮನುಷ್ಯ ಹಗ್ಗಕ್ಕೆ ಹಾಕುವ ಗಂಟು ನೋಡಿ ಉರಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಉರಿದದ್ದು ನಿಜ.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ನೇಸರಗಿಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಕ್ಕದ್ದು ರಾಜೇಸಾಬರದು. ಎರಡು ಮನೆಗೂ ನಡುವೆ ಒಂದೇ ಗೋಡೆ. ಮಾಳಿಗೆಯ ಮೇಲೆ ನಿಂತರೆ ಅವರ ಮನೆ ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರುವಾಯಿತು ಎಂದು ತಿಳಿಯಲು ಮೊಣಕಾಲೆತ್ತರದ ಒಂದು ಕಟ್ಟೆ ಮಾತ್ರ ಇತ್ತು. ರಾಜೇಸಾಬರು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಲಾರಿಯ ಡ್ರೈವರು. ಅವರು ಬಿಗಿದ ಲೋಡಿನಿಂದ ದಾರಿಯಲ್ಲಿ ಒಂದು ಜಲ್ಲೆ ಕಬ್ಬೂ ಉದುರುವುದಿಲ್ಲ ಎಂದು ಓಣಿಯಲ್ಲಿ ಖ್ಯಾತಿ. ಈ ಖ್ಯಾತಿಯನ್ನು ನಮ್ಮ ಮನೆಯೊಳಗೆ ಪ್ರಚಾರ ಮಾಡುತ್ತಿದ್ದವಳು ನನ್ನ ಹೆಂಡತಿ ಗಿರಿಜಾ. "ನೋಡ್ರಿ, ರಾಜೇಸಾಬರು..." ಎಂದು ಅವಳ ಮಾತು ಶುರುವಾದರೆ ಸಾಕು, ನನ್ನ ಚಹಾ ಕಹಿಯಾಗುತ್ತಿತ್ತು. ಒಂದೇ ಒಂದು ಸಲ ಆ ವಾಕ್ಯ "ನೋಡ್ರಿ, ನಮ್ಮನಿಯವರು" ಎಂದು ಶುರುವಾಗಲಿ ಎಂಬುದಷ್ಟೇ ನನ್ನ ಬಾಳಿನ ಆಸೆಯಾಗಿತ್ತು.

ಅಂಥ ಒಂದು ಮೇ ತಿಂಗಳಲ್ಲಿ ರೇಡಿಯೋದವರು ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಗೋವಾ ದಂಡೆ ಹಾಯ್ದು ಬೆಳಗಾವಿ ಕಡೆ ಬರಬಹುದು ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಚಂಡಮಾರುತವೆಂದರೆ ನನ್ನ ಇಲಾಖೆ! ಗಿರಿಜಾಳನ್ನು ಕೂರಿಸಿಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗಾಳಿ ಹೇಗೆ ಸುತ್ತುತ್ತದೆ, ನಡುವಿನ ಕಣ್ಣು ಹೇಗಿರುತ್ತದೆ ಎಂದೆಲ್ಲ ಚಿತ್ರ ಬರೆದು ತೋರಿಸಿದೆ. ಅವಳು ಪೂರಾ ಕೇಳಿ, "ಚಿತ್ರ ಛಲೋ ಐತ್ರಿ. ರಾಜೇಸಾಬರು ಆಗಲೇ ಮ್ಯಾಳಗಿಗೆ ಮಣ್ಣ ಹಾಕಾಕತ್ತಾರ" ಎಂದಳು.

ಹೊರಗೆ ಬಂದು, ಮಾಳಿಗೆ ಹತ್ತಿ ನೋಡಿದೆ. ಹೌದು. ಮಳೆಗಾಲಕ್ಕೆ ಮುಂಚೆ ನಮ್ಮ ಕಡೆ ಮಾಳಿಗೆಗೆ ಸವಳು ಮಣ್ಣು ಹರಡಿ ತುಳಿಯುತ್ತಾರೆ, ನೀರು ಇಳಿಯಬಾರದೆಂದು. ನಾನು ಅದನ್ನು ಬರುವ ಭಾನುವಾರಕ್ಕೆ ಎಂದು ಮೂರು ಭಾನುವಾರ ಮುಂದೂಡಿದ್ದೆ. ಆ ಪುಣ್ಯಾತ್ಮ ಮಧ್ಯಾಹ್ನದೊಳಗೆ ಮಣ್ಣು ಮುಗಿಸಿದರು, ಪಡಸಾಲೆಯ ಮುಂದಿನ ತಗಡುಗಳನ್ನು ಕಬ್ಬಿನ ಲೋಡು ಕಟ್ಟುವ ಹಗ್ಗದಿಂದ ಬಿಗಿದರು, ನಡುಮನೆಗೆ ಬೆಳಕು ಬೀಳುವ ಬೆಳಕಿಂಡಿಯ ಮೇಲೆ ಒಂದು ದಪ್ಪ ಪರಸಿ ಕಲ್ಲು ಮುಚ್ಚಿದರು. ಆಮೇಲೆ ಕಟ್ಟೆಯ ಆಚೆಯಿಂದಲೇ, "ಸರ, ಹಗ್ಗಾ ಇನ್ನೊಂದು ಉಳದೈತ್ರಿ. ನಿಮ್ಮ ಅಡಗಿಮನಿ ತಗಡಿಗೆ ಬಿಗೀಲೇನ್ರಿ?" ಎಂದು ಕೇಳಿದರು.

"ಬ್ಯಾಡ್ರಿ, ನಂದೆಲ್ಲಾ ಆಗೇತಿ" ಎಂದೆ. ಆಗ ನಮ್ಮ ತಗಡಿನ ಮೇಲೆ ಇದ್ದದ್ದು ಒಂದು ಬೆಕ್ಕು ಮಾತ್ರ.

ಗಿರಿಜಾ ಕೆಳಗಿನಿಂದ ಕೇಳಿಸಿಕೊಂಡಿದ್ದಳು. ಅವಳು ನೋಡಿದ ನೋಟಕ್ಕೆ ಹೆದರಿ ಬಟ್ಟೆ ಒಣಗಿಸುವ ದಾರ ಬಿಚ್ಚಿ ತಗಡಿಗೆ ಕಟ್ಟಿದೆ. ಅದರ ಮೇಲೆ ಹಿತ್ತಲಿನ ಕಲ್ಲುಗಳು, ಬಿರುಕು ಬಿಟ್ಟ ಒರಳು, ತುಕ್ಕು ಹಿಡಿದ ತಕ್ಕಡಿಯ ತೂಕದ ಕಲ್ಲುಗಳು, ಎಲ್ಲ ಹೇರಿದೆ. ನಮ್ಮ ಬೆಳಕಿಂಡಿಗೆ ಹಿಟ್ಟು ನಾದುವ ಒಂದು ಹಳೆಯ ಪರಾತ ಬೋರಲು ಹಾಕಿದೆ. ಕೆಲಸ ಮುಗಿದಾಗ ಪಡುವಣ ದಿಕ್ಕು ಕಪ್ಪಾಗಿತ್ತು. ಪಕ್ಕಕ್ಕೆ ನೋಡಿದರೆ ರಾಜೇಸಾಬರ ಮಾಳಿಗೆ ಈಗಷ್ಟೇ ಸಾರಿಸಿದ ಅಂಗಳದ ಹಾಗೆ ಕಣ್ಣು ಚುಚ್ಚುತ್ತಿತ್ತು. ನಡುವೆ ಆ ಪರಸಿ ಕಲ್ಲು, ನೆಟ್ಟಗೆ, ಅಳತೆಗೆ ಕೊರೆದಂತೆ.

ಈಗ ನಾನು ಮಾಡಿದ್ದನ್ನು ಹೇಳಬೇಕು. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಕಟ್ಟೆ ದಾಟಿದೆ. ಚಪ್ಪಲಿ ಬಿಚ್ಚಿ, ಕೂತು, ಎರಡೂ ಕಾಲಿನಿಂದ ಒದ್ದು ಆ ಕಲ್ಲನ್ನು ನಾಲ್ಕು ಬೆರಳಷ್ಟು ಸರಿಸಿದೆ. ಅವರ ಮನೆ ಹಾಳಾಗಲಿ ಎಂದಲ್ಲ, ದೇವರಾಣೆ. ಒಂದು ಹನಿ ಬೀಳಲಿ. ನಮ್ಮ ಮನೆಯಲ್ಲಿ ಹತ್ತು ಬಿದ್ದಾಗ ಅವರ ಮನೆಯಲ್ಲೂ ಒಂದು ಬಿತ್ತು ಎಂದು ಗಿರಿಜಾಳಿಗೆ ಹೇಳುವಂತಾಗಲಿ. ಅಷ್ಟರಲ್ಲಿ ನೆತ್ತಿಯ ಮೇಲೇ ಗುಡುಗು ಹೊಡೆಯಿತು. ಕಲ್ಲನ್ನು ಮತ್ತೆ ಸರಿ ಮಾಡಬೇಕೆಂಬ ಬುದ್ಧಿ ಬರುವ ಮೊದಲೇ ನನ್ನ ಕಾಲುಗಳು ಕತ್ತಲಲ್ಲಿ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಏಣಿ ಇಳಿದಿದ್ದವು.

ಚಂಡಮಾರುತ ಬಂತೋ, ಅದರ ಬಾಲ ಬಂತೋ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ನಮ್ಮ ಅಡುಗೆಮನೆಯ ತಗಡುಗಳು ಬಟ್ಟೆಯ ದಾರ ಹರಿದುಕೊಂಡು ಹಾರಿದವು. ಒರಳು ಧಡ್ ಎಂದು ಒಳಗೆ, ಒಲೆಯ ಪಕ್ಕದಲ್ಲೇ ಬಿತ್ತು. ಗಿರಿಜಾ ಆಗಷ್ಟೇ ಅಲ್ಲಿಂದ ಎದ್ದು ಬಂದಿದ್ದಳು. ಅಷ್ಟರಲ್ಲಿ ರಾಜೇಸಾಬರೇ ಗೋಣಿಚೀಲ ತಲೆಗೆ ಹೊದ್ದು ಓಡಿ ಬಂದು, "ಸರ, ಅಕ್ಕಾರನ ಕರಕೊಂಡ ನಮ್ಮನಿಗೆ ಬರ್ರಿ!" ಎಂದು ಕೂಗಿದರು.

ಅವರ ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಾಗ ಗೊತ್ತಾಯಿತು, ನನ್ನ ಕಾಲಲ್ಲಿ ಇದ್ದದ್ದು ಒಂದೇ. ಇನ್ನೊಂದು ಎಲ್ಲಿದೆ ಎಂದು ತಿಳಿಯಲು ಭೂಗೋಳ ಬೇಕಾಗಿರಲಿಲ್ಲ.

ಒಳಗೆ ನಡುಮನೆಯ ಸುತ್ತ ಜೋಳದ ಚೀಲ, ಹಾಸಿಗೆ, ಮಕ್ಕಳು. ರಾಜೇಸಾಬರು ನಟ್ಟನಡುವೆ ಇದ್ದುದರಲ್ಲೇ ಹೊಸ ಜಮಖಾನ ಹಾಸಿ, "ಸರ, ನೀವು ಇಲ್ಲೇ ಕುಂದರ್ರಿ. ಇದು ಭಾಳ ಸೇಫ್ ಜಾಗಾ ಐತಿ" ಎಂದರು. ಮೇಲೆ ನೋಡಿದೆ. ಬೆಳಕಿಂಡಿ. ಆ ಮನೆಯಲ್ಲಿ ಹನಿ ಎಲ್ಲಿ ಬೀಳುತ್ತದೆ ಎಂದು ಗೊತ್ತಿದ್ದ ಒಬ್ಬನೇ ಒಬ್ಬನನ್ನು ಅದರ ಕೆಳಗೇ ಕೂರಿಸಿದ್ದರು. "ಯಾಕ್ರಿ ಹಂಗ ಮ್ಯಾಲೆ ನೋಡಾಕತ್ತೀರಿ?" ಎಂದು ಗಿರಿಜಾ ಕೇಳುವುದಕ್ಕೂ, ಮೊದಲ ಹನಿ ನನ್ನ ಬೋಳುತಲೆಗೆ ಬೀಳುವುದಕ್ಕೂ ಸರಿಹೋಯಿತು. ಆಮೇಲೆ ಹನಿಯಲ್ಲ, ಧಾರೆ.

ರಾಜೇಸಾಬರ ಹೆಂಡತಿ ಶಮೀಮಾ ಗಂಡನ ಮೇಲೆ ಹರಿಹಾಯ್ದಳು. "ಊರ ಮಂದಿ ಲೋಡ ಬಿಗೀತೀರಿ, ಮನ್ಯಾಗಿನ ಒಂದ ಕಲ್ಲ ನೆಟ್ಟಗ ಇಡಾಕ ಬರೂದಿಲ್ಲೇನ? ಮಾಸ್ತರು ಪೂರಾ ತೊಯ್ದ್ರು!" ರಾಜೇಸಾಬರು ಎರಡೂ ಕಿವಿ ಹಿಡಿದುಕೊಂಡು, "ತಪ್ಪಾತ್ರಿ ಸರ, ಗಡಬಡಿಯೊಳಗ ನಾನ ಸರಿಯಾಗಿ ಇಟ್ಟಿಲ್ಲ ಕಾಣತೈತಿ" ಎಂದು ಆ ಮಳೆಯಲ್ಲೇ ಮಾಳಿಗೆ ಹತ್ತಿದರು. ಧಾರೆ ನಿಂತಿತು.

ಗಿರಿಜಾ ನನ್ನ ತಲೆ ಒರೆಸುತ್ತ ಮೆಲ್ಲಗೆ, "ನೋಡ್ರಿ, ರಾಜೇಸಾಬರು ತಪ್ಪಾದ್ರ ಎಷ್ಟ ಸರಳ ಒಪ್ಪಿಕೋತಾರ" ಎಂದಳು. ತಪ್ಪು ಮಾಡಿದವನು ನಾನು, ಹೊಗಳಿಕೆ ಅವರಿಗೆ! ಎಲ್ಲವನ್ನೂ ಹೇಳಿಬಿಡೋಣ ಎನ್ನಿಸಿತು. ಅದು ಪಶ್ಚಾತ್ತಾಪ ಎಂದು ದಯವಿಟ್ಟು ತಿಳಿಯಬೇಡಿ. ಆ ಹೊಗಳಿಕೆ ನನಗೆ ಬರಲಿ ಎಂಬ ಆಸೆಯಷ್ಟೇ; ಆದರೂ ಅವಳ ಕೈಗೆ ತಲೆ ಒಡ್ಡಿ ಕೂತೆ.

ಮರುದಿನ ಬೆಳಿಗ್ಗೆ ರಾಜೇಸಾಬರು ಹೆಗಲಿಗೆ ಹಗ್ಗ ಹಾಕಿಕೊಂಡು, ನಮ್ಮ ತಗಡುಗಳನ್ನು ಹುಡುಕಿ ಹೊತ್ತು ತಂದರು. ಮೊದಲು ಅಂಗಿಯ ಒಳಗಿನಿಂದ ನನ್ನ ಚಪ್ಪಲಿ ತೆಗೆದು ಮೆಟ್ಟಿಲ ಮೇಲೆ ಅದರ ಜೋಡಿಯ ಪಕ್ಕ ಇಟ್ಟರು. "ಗಾಳಿಗೆ ಹಾರಿ ನಮ್ಮ ಮ್ಯಾಳಗಿ ಮ್ಯಾಲೆ ಬಿದ್ದಿತ್ರಿ" ಎಂದರು.

"ಅಯ್ಯ, ಚಪ್ಪಲಿ ಸುದ್ದಾ ಹಾರಿಸೇತಲ್ರಿ!" ಎಂದಳು ಗಿರಿಜಾ.

"ಹೌದ್ರಿ ಅಕ್ಕಾರ, ಗಾಳಿ ಭಾಳ ಜೋರಿತ್ತು" ಎಂದರು ರಾಜೇಸಾಬರು. ನನ್ನ ಕಡೆ ನೋಡಲಿಲ್ಲ. ತಗಡು ಬಿಗಿಯಲು ಹೋದರು.

ಆ ಮಾತನ್ನು ಅವರು ಇಂದಿಗೂ ಎತ್ತಿಲ್ಲ. ಅವರ ಚಪ್ಪಲಿಯೇನಾದರೂ ನನ್ನ ಬೆಳಕಿಂಡಿಯ ಪಕ್ಕ ಸಿಕ್ಕಿದ್ದರೆ ನಾನು ಅದನ್ನು ಕೋಲಿಗೆ ಸಿಕ್ಕಿಸಿ ನೇಸರಗಿಯ ಬಸ್ ಸ್ಟ್ಯಾಂಡಿನವರೆಗೆ ಮೆರವಣಿಗೆ ಮಾಡುತ್ತಿದ್ದೆ. ನನಗಾಗಿ ಅವರು ಹೇಳಿದ ಆ ಒಂದು ಸುಳ್ಳಿದೆಯಲ್ಲ, ಅದನ್ನು ಕಂಡರೆ ನನಗೆ ಅವರ ಗಂಟಿಗಿಂತಲೂ ಹೆಚ್ಚು ಹೊಟ್ಟೆಕಿಚ್ಚು.