ಅಮೇರಿಕದ ಬೀಗರ ಹಾಡು

ನಗಿಸುವವನ ಮನೆಯಲ್ಲಿ ನಗೆಗೆ ಬರವಿರುವುದಿಲ್ಲ ಎಂದು ತಿಳಿದವರು ಒಮ್ಮೆ ಕೊಪ್ಪಳದ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋಗಬೇಕು. ದೀಪದ ಬುಡದಲ್ಲಿ ಕತ್ತಲೆ ಎಂದವರು ನಮ್ಮ ಮನೆಯನ್ನು ನೋಡಿಯೇ ಅಂದಿರಬೇಕು. ಹೊಟ್ಟೆಪಾಡಿಗೆ ನಾನು ಇಲ್ಲಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ರಜೆ ಬಂತೆಂದರೆ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಕರೆದಲ್ಲಿಗೆ ಬಸ್ಸು ಹತ್ತಿ ಹೋಗಿ ಹಾಸ್ಯ ಭಾಷಣ ಮಾಡುತ್ತೇನೆ. ಇರುವ ಒಂದು ಹಿಡಿ ಜೋಕುಗಳನ್ನೇ ತಿರುವಿ ಹಾಕಿ ಹೇಳಿದರೂ ಜನ ದೊಡ್ಡ ಮನಸ್ಸು ಮಾಡಿ ನಗುತ್ತಾರೆ. ನಗದೆ ಇರುವವಳು ಒಬ್ಬಳೇ, ನನ್ನ ಹೆಂಡತಿ ಪಾರ್ವತಿ. ನಾನು ಜೋಕು ಹೇಳಿ ಮುಗಿಸಿ, ನಗೆಗೆಂದು ಜಾಗ ಬಿಟ್ಟು ನಿಂತರೆ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ "ಮುಂದ?" ಎನ್ನುತ್ತಾಳೆ. ಜೋಕು ಹೇಳುವವನ ಪಾಲಿಗೆ ಇದಕ್ಕಿಂತ ಕ್ರೂರವಾದ ಶಬ್ದ ಕನ್ನಡದಲ್ಲಿಲ್ಲ.

ಆಕೆಗೆ ನಗೆಯೇ ತಿಳಿಯದು ಎಂದುಕೊಂಡು ಸಮಾಧಾನ ಪಡೋಣವೆಂದರೆ ಆ ದಾರಿಯೂ ಇಲ್ಲ. ಪಾರ್ವತಿಯ ತವರು ತಾವರಗೇರಾ. ಆ ಕಡೆಯ ಮದುವೆಗಳಲ್ಲಿ ಬೀಗರು ಊಟಕ್ಕೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಹಂಗಿಸಿ ಹಾಡುತ್ತಾರಲ್ಲ, ಆ ಬೀಗರ ಹಾಡಿನಲ್ಲಿ ಇವಳೂ ಇವಳ ಸೋದರತ್ತೆ ನೀಲವ್ವನೂ ಎತ್ತಿದ ಕೈ. ಪಾರ್ವತಿ ಹಾಡು ಎತ್ತುವವಳು, ನೀಲವ್ವ ಹಿಂದಿನಿಂದ ದನಿ ಕೂಡಿಸುವವಳು. ಹಂಗಿಸಿಕೊಂಡವರು ಸಿಟ್ಟಾಗಬಾರದು, ತಲೆ ತಗ್ಗಿಸಿ ಉಣ್ಣಬೇಕು. ಅದು ಕಾಯಿದೆ. ನಮ್ಮ ಮದುವೆಯಲ್ಲಿ ಪಾರ್ವತಿ ಮದುಮಗಳು, ಬಾಯಿ ತೆರೆಯುವಂತಿಲ್ಲ. ನೀಲವ್ವ ತಾನೇ ಮುಂದಾಗಿ, "ಇಂಗ್ಲೀಷ ಕಲಿತಾನ ಅಳಿಯಾ, ರೊಟ್ಟಿ ಮುರಿಯಾಕ ಚಮಚಾ ಕೇಳ್ಯಾನ" ಎಂದು ಎತ್ತಿದಳು. ಸಾಲು ಮುಗಿಯುವ ಮೊದಲೇ ತಡೆಯಲಾರದೆ ತಾನೇ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು. ಅದು ಅವಳ ಚಾಳಿ. ಉಳಿದ ಅರ್ಧ ಸಾಲನ್ನು ನನ್ನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುಮಗಳೇ ತುಟಿ ಅಲುಗಿಸದಂತೆ ಹಾಡಿ ಮುಗಿಸಿದ್ದನ್ನು ನಾನು ಈ ಕಿವಿಯಿಂದ ಕೇಳಿದ್ದೇನೆ.

ಹೋದ ವರ್ಷ ನೀಲವ್ವ ತೀರಿಕೊಂಡಳು. ಅಂದಿನಿಂದ ಪಾರ್ವತಿ ಹಾಡುವುದನ್ನೂ ಬಿಟ್ಟಳು, ನಗುವುದನ್ನೂ ಬಿಟ್ಟಳು. ಮದುವೆಗಳಿಗೆ ಕರೆಯಲು ಬಂದವರಿಗೆ, "ಒಬ್ಬಾಕಿನ ಹೆಂಗ ಹಾಡ್ಲಿ, ಬ್ಯಾರೆ ಯಾರರ ನೋಡ್ಕೋರಿ" ಎಂದು ಹೇಳಿ ಕಳಿಸುತ್ತಿದ್ದಳು. ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ತಿಳಿದ ಔಷಧ ಒಂದೇ, ಜೋಕು. ಬೆಳಿಗ್ಗೆ ಒಂದು, ಸಂಜೆ ಒಂದು ಕೊಟ್ಟು ನೋಡಿದೆ. ಎರಡು ಹೊತ್ತೂ "ಮುಂದ?" ಬಂತು. ಮುಂದೇನೆಂದು ನನಗೂ ತಿಳಿಯದೆ ನಾನು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಪಾರ್ವತಿಯ ತಮ್ಮ ಶರಣಪ್ಪ ಬಂದ. ಅವನು ಶ್ರೀರಾಮನಗರದ ಒಂದು ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಹಂಪಿಯಿಂದ ಹರಗೋಲು ದಾಟಿ ಸೈಕಲ್ ಮೇಲೆ ಬಂದ ಅಮೇರಿಕದವನೊಬ್ಬ ಜ್ವರ ಹಿಡಿದು ಗಿರಣಿಯ ಅಂಗಳದಲ್ಲಿ ಮಲಗಿಬಿಟ್ಟಿದ್ದನಂತೆ. ಗಂಜಿ ಕಾಸಿ ಹಾಕಿದ್ದಕ್ಕೆ ಹೋಗುವಾಗ ಒಂದು ಕ್ಯಾಸೆಟ್ ಕೊಟ್ಟು ಹೋಗಿದ್ದ. ಶರಣಪ್ಪ ಅದನ್ನೂ ತನ್ನ ಹೊಸ ಟೂ-ಇನ್-ಒನ್ ಟೇಪು ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ. "ಮಾಮಾ, ಇದು ಅವರ ಊರಾಗಿನ ಹುಡುಗೋರ ಮೇಳ ಅಂತ್ರಿ. ಪಂಕ್ ಅಂತ ಸಿಟ್ಟಿನ ಹಾಡು ಇರ್ತಾವಂತಲ್ಲ, ಅದರಾಗ ಹುಟ್ಟಿದ ಮಂದಿ. ಆದ್ರ ಇವರಿಗೆ ಸಿಟ್ಟು ಭಾಳ ಹೊತ್ತು ನಿಂದ್ರಂಗಿಲ್ಲಂತ, ನಡುವ ನಗಿ ಬಂದುಬಿಡ್ತೈತಂತ. ನೀವು ಇಂಗ್ಲೀಷ್ ಸರ್ ಅದೀರಿ, ಅರ್ಥಾ ಹೇಳ್ರಿ" ಎಂದು ಗುಂಡಿ ಒತ್ತಿದ.

ಒಮ್ಮೆಲೇ ಗಿಟಾರು, ಡೋಲು, ಕೂಗಾಟ. ತಗಡಿನ ಮಾಡಿನ ಮೇಲೆ ಯಾರೋ ಕಲ್ಲು ಸುರುವಿದಂತಾಯಿತು. ನನಗೆ ಒಂದು ಶಬ್ದವೂ ಹಿಡಿಯಲಿಲ್ಲ. ನಾನು ಕಲಿಸುವುದು ಸತ್ತು ನೂರಾರು ವರ್ಷವಾದವರ ಇಂಗ್ಲಿಷು, ಅವರು ಇಷ್ಟು ಅವಸರ ಮಾಡುವುದಿಲ್ಲ. ಆದರೂ ಅಳಿಯತನದ ಮರ್ಯಾದೆ ಉಳಿಯಬೇಕಲ್ಲ, "ಪ್ರೇಮಗೀತೆ" ಎಂದೆ. ಅಷ್ಟರಲ್ಲಿ ಹಾಡುವವನು ಏನೋ ಒಂದು ಸಾಲು ಎತ್ತಿದ. ಹಿಂದೆ ದನಿ ಕೂಡಿಸುತ್ತಿದ್ದವನು ಸಾಲಿನ ನಡುವೆಯೇ ಕಿಸಕ್ಕನೆ ನಕ್ಕ. ಮುಂದಿನವನು ಬಿಗಿದುಕೊಂಡೇ ಸಾಲು ಮುಗಿಸಿದ. ಅಡುಗೆಮನೆಯಿಂದ ಧಡ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಪಾರ್ವತಿ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಹಿಟ್ಟಿನ ಕೈಯನ್ನೇ ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಾಳೆ! ಕಣ್ಣಲ್ಲಿ ನೀರು, ಗಲ್ಲದ ಮೇಲೆ ಜೋಳದ ಹಿಟ್ಟು. "ಪ್ರೇಮಾನೂ ಅಲ್ಲ, ಏನೂ ಅಲ್ರಿ. ಯಾರಿಗೋ ಹಂಗಸಾಕತ್ಯಾರ. ಬೀಗರ ಹಾಡು ಐತಿ ಇದು" ಎಂದಳು.

ನನಗೆ ಸಂತೋಷವಾಗಬೇಕಿತ್ತು. ಖರೆ ಹೇಳುತ್ತೇನೆ, ಹೊಟ್ಟೆ ಉರಿಯಿತು. ಇಂಗ್ಲಿಷಿನ ಒಂದಕ್ಷರ ಬಾರದವಳು ಇಂಗ್ಲಿಷ್ ಹಾಡಿಗೆ ನಗುವುದು, ಅಚ್ಚ ಕನ್ನಡದ ನನ್ನ ಜೋಕಿಗೆ "ಮುಂದ?" ಎನ್ನುವುದು! ಶರಣಪ್ಪ ಅಕ್ಕನ ಮುಖ ನೋಡಿ ಕ್ಯಾಸೆಟ್ಟನ್ನೂ ಪೆಟ್ಟಿಗೆಯನ್ನೂ ಇಲ್ಲೇ ಬಿಟ್ಟು ಹೋದ. ಪಾರ್ವತಿ ದಿನಾ ರೊಟ್ಟಿ ಬಡಿಯುವಾಗ ಹಾಡು ಹಚ್ಚಿ ಅದೇ ಜಾಗಕ್ಕೆ ಬಂದಾಗ ನಗುತ್ತಿದ್ದಳು. ನಾನು ಆಕೆ ಬಾವಿಗೆ ಹೋದ ಹೊತ್ತು ನೋಡಿ, ಪೆಟ್ಟಿಗೆಗೆ ಕಿವಿ ಹಚ್ಚಿ, ಆ ಜಾಗವನ್ನೇ ಹಿಂದಕ್ಕೆ ತಿರುಗಿಸಿ, ಮುಂದಕ್ಕೆ ಓಡಿಸಿ, ಜೋಕು ಎಲ್ಲಿ ಅಡಗಿದೆ ಎಂದು ಹುಡುಕತೊಡಗಿದೆ.

ಕೊನೆಗೂ ಅರ್ಥ ಸಿಕ್ಕಿತು. ಸಿಕ್ಕ ಮೇಲೆ ನನ್ನ ಹತಾಶೆ ದುಪ್ಪಟ್ಟಾಯಿತು. ಒಂದು ಹಾಡಿನಲ್ಲಿ ಒಬ್ಬ ತನ್ನ ಮೇಲಧಿಕಾರಿ ದಿನಾ ತನ್ನ ಬುತ್ತಿಯನ್ನೇ ತಿಂದು ಹಾಕುತ್ತಾನೆಂದು ಗೋಳಾಡುತ್ತಾನೆ. ಇನ್ನೊಂದರಲ್ಲಿ ಪಕ್ಕದ ಮನೆಯ ಫ್ರಿಜ್ಜಿನಲ್ಲಿರುವ ಸುಖ ತನ್ನ ಬಾಳಿನಲ್ಲಿಲ್ಲ ಎನ್ನುತ್ತಾನೆ. ಪಾರ್ವತಿ ನಗುವ ಹಾಡಂತೂ ಕಲ್ಲೂ ಕರಗಬೇಕು, ಹಾಗಿದೆ. ಒಬ್ಬನ ಪ್ರೇಯಸಿ ಅವನನ್ನು ಬಿಟ್ಟು ಹಲ್ಲಿನ ಡಾಕ್ಟರನನ್ನು ಮದುವೆಯಾಗಿದ್ದಾಳೆ. ಅವಳ ಮುಖ ನೋಡಬೇಕೆಂಬ ಆಸೆಗೆ ಇವನು ಮತ್ತೆ ಮತ್ತೆ ಹೋಗಿ ಒಂದೊಂದೇ ಹಲ್ಲು ಕೀಳಿಸಿಕೊಳ್ಳುತ್ತಾನೆ. ಈಗ ಬಾಯಲ್ಲಿ ಉಳಿದದ್ದು ಒಂದೇ ಹಲ್ಲು, ಅದೂ ಹೋದ ಮೇಲೆ ಯಾವ ನೆಪದಲ್ಲಿ ಹೋಗಲಿ ಎಂದು ಕೇಳುತ್ತಾನೆ. ಹಿಂದಿನವನು ನಗುವುದು ಅಲ್ಲಿಯೇ. ನಾನು ಇದನ್ನೆಲ್ಲ ತರಗತಿಯಲ್ಲಿ ಹೇಳುವಂತೆ ಹೆಂಡತಿಗೆ ಬಿಡಿಸಿ ಹೇಳಿದೆ. "ಇದು ಘೋರ ದುಃಖದ ಹಾಡು, ನಗಬಾರದು" ಎಂದೆ. ಪಾರ್ವತಿ ಪೂರಾ ಕೇಳಿದಳು. "ಮುಂದ?" ಎಂದಳು.

ಮಾತು ಬೇಡ, ಕೇಳಿಸಿಯೇ ತೋರಿಸುತ್ತೇನೆಂದು ಟೇಪನ್ನು ಹಿಂದಕ್ಕೆ ತಿರುಗಿಸಿದೆ. ನನ್ನ ವಿದ್ವತ್ತನ್ನು ಇಷ್ಟು ದಿನ ತಾಳಿಕೊಂಡಿದ್ದ ರೀಲು ಇನ್ನು ತಾಳಲಿಲ್ಲ. ಪೆಟ್ಟಿಗೆಯೊಳಗೆ ಕರಕರ ಎಂದು ಅಗಿದ ಸದ್ದಾಯಿತು. ತೆಗೆದು ನೋಡಿದರೆ ಕಂದು ಬಣ್ಣದ ರೀಲು ಕರುಳಿನಂತೆ ಹೊರಬಂದು, ಸುಕ್ಕಾಗಿ ತುಂಡಾಗಿತ್ತು. ಪಾರ್ವತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ರೀಲನ್ನು ಕೈಯಲ್ಲಿ ಹಿಡಿದು, "ಅರ್ಥಾ ಯಾರಿಗೆ ಬೇಕಾಗಿತ್ರಿ? ಹಿಂದಿನಾಂವ ತಡಕೊಳ್ಳಾಕ ಆಗದ ನಗ್ತಿದ್ದ ನೋಡ್ರಿ, ನಮ್ಮ ನೀಲತ್ತಿ ಹಂಗ ನಗ್ತಿದ್ದ. ಕಣ್ಣ ಮುಚ್ಚಿಕೊಂಡ್ರ ಆಕಿನ ಬಾಜೂಕ ಕುಂತಂಗ ಆಗ್ತಿತ್ತು" ಎಂದಳು. ನಾಲ್ಕು ತಾಲೂಕಿನ ಹಾಸ್ಯಗಾರನಾದ ನಾನು ಆಗ ಆ ನೆಲದೊಳಗೆ ಇಳಿದು ಹೋಗಲು ಸಿದ್ಧನಿದ್ದೆ. ನಗೆ ಎಲ್ಲಿಂದ ಬಂತೆಂದು ಹುಡುಕಲು ಹೋಗಿ, ಮನೆಯಲ್ಲಿದ್ದ ಒಂದೇ ಒಂದು ನಗೆಯನ್ನು ಕೈಯಾರೆ ಕೊಂದಿದ್ದೆ.

ಮರುದಿನ ಕಾಲೇಜಿಗೆ ರಜೆ ಹಾಕಿ ಗಂಗಾವತಿಗೆ ಹೋದೆ. ಅಲ್ಲಿ ಗಲ್ಲಿಯೊಂದರಲ್ಲಿ ರೇಡಿಯೋ ರಿಪೇರಿ ಮಾಡುವವನಿಗೆ ಕ್ಯಾಸೆಟ್ ಕೊಟ್ಟು, ಅವನ ಅಂಗಡಿಯ ಮುಂದೆಯೇ ಸಂಜೆಯವರೆಗೆ ಕಾಯ್ದೆ. ರೋಗಿಯ ಕಡೆಯವರು ಆಸ್ಪತ್ರೆಯ ಹೊರಗೆ ಹೀಗೇ ಕೂರುತ್ತಾರೆ. ಅವನು ಹೊರಗೆ ಬಂದು, "ಮಸ್ತ್ ಆಗೈತ್ರಿ ಸರ್. ಹಾಡಿನ ನಡುವ ಯಾರೋ ನಕ್ಕುಬಿಟ್ಟಿದ್ರು, ಆ ತುಕಡಿನ ಸುಕ್ಕಾಗಿತ್ತು. ಹೆಂಗೂ ಅದು ಹಾಡಲ್ಲ ಅಂತ ತೆಗದು ಒಗದು ಜೋಡ್ಸೀನಿ" ಎಂದ. ನಾನು ಅವನ ಅಂಗಡಿಯ ಕಸದ ಡಬ್ಬಿಗೆ ಕೈ ಹಾಕಿದೆ. ಕೈಗೆ ಬಂದದ್ದು ಚಹಾದ ಎಲೆ ಮತ್ತು ತಂತಿಯ ಚೂರು.

ಆ ಭಾನುವಾರ ಮಧ್ಯಾಹ್ನ ಪಾರ್ವತಿ ಕೈ ತೊಳೆದುಕೊಂಡು ಪೆಟ್ಟಿಗೆಯ ಮುಂದೆ ಬಂದು ಕೂತಳು. ನಡೆದದ್ದನ್ನು ಹೇಳುವ ಧೈರ್ಯ ನನಗಿರಲಿಲ್ಲ, ಬಾಗಿಲ ಹಿಂದೆ ನಿಂತಿದ್ದೆ. ಹಾಡು ಹತ್ತಿರ ಬಂತು. ಒಂದೊಂದೇ ಹಲ್ಲು ಹೋಯಿತು. ಇನ್ನೇನು ಆ ಜಾಗ ಬಂದೇಬಿಟ್ಟಿತು, ಆಕೆ ಕಣ್ಣು ಮುಚ್ಚಿಕೊಂಡಳು. ಅಲ್ಲಿ ನಗೆ ಇಲ್ಲ ಎನ್ನುವುದು ನನಗೊಬ್ಬನಿಗೇ ಗೊತ್ತು. ನನಗೆ ಏನಾಯಿತೋ ತಿಳಿಯದು, ಎಷ್ಟು ಸಲ ಕೇಳಿದ್ದೆನೋ ಏನೋ, ಬಾಗಿಲ ಹಿಂದಿನಿಂದ, ತರಗತಿಯಲ್ಲಿ ಹಾಜರಿ ಕೂಗುವ ನನ್ನ ಗಡಸು ದನಿಯಲ್ಲಿ, ಸರಿಯಾಗಿ ಅದೇ ಗಳಿಗೆಗೆ, "ಕಿಸಕ್ ಹ್ಹೆ ಹ್ಹೆ" ಎಂದುಬಿಟ್ಟೆ.

ಪಾರ್ವತಿ ತಿರುಗಿ ನೋಡಿದಳು. ಬಾಗಿಲ ಸಂದಿಯಲ್ಲಿ ನನ್ನ ಅಳುಮೋರೆ ಕಂಡಿರಬೇಕು. ಆಕೆ ನಕ್ಕಳು ನೋಡಿ! ಗೋಡೆಗೆ ಒರಗಿ ನಕ್ಕಳು, ನೆಲಕ್ಕೆ ಕೈ ಊರಿ ನಕ್ಕಳು, ನಗುತ್ತ ನಗುತ್ತ ಅತ್ತಳು, ಮೂಗು ಒರೆಸಿಕೊಂಡು ಮತ್ತೆ ನಕ್ಕಳು. "ನಗಾಕೂ ಬರೂದಿಲ್ಲಲ್ರಿ ನಿಮಗ, ಯಪ್ಪಾ!" ಎಂದಳು. ಆಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿ, "ಇನ್ನೊಮ್ಮೆ" ಎಂದಳು. ಆ ದಿನ ನನಗೆ ಅಮೇರಿಕದ ಮೇಳದಲ್ಲಿ ಕಾಯಂ ನೌಕರಿ ಸಿಕ್ಕಿತು.

ಈಗ ನಮ್ಮ ಮನೆಗೆ ಯಾರು ಬಂದರೂ ಚಹಾದ ಜೊತೆ ಆ ಹಾಡು ಇರುತ್ತದೆ. ಮೊನ್ನೆ ಯಲಬುರ್ಗಾದವರು ಭಾಷಣಕ್ಕೆ ಕರೆಯಲು ಬಂದಿದ್ದರು. ನಾನು ಅವರೆದುರು ಗಂಭೀರವಾಗಿ ಕೂತಿದ್ದವನು ಸಮಯ ನೋಡಿ ಕಿಸಕ್ಕೆಂದೆ. ನನ್ನ ಭಾಷಣಗಳಿಗೆ ಎಂದೂ ನಗದಷ್ಟು ನಕ್ಕ ಅವರು, "ಸರ್, ಭಾಷಣ ಇರ್ಲಿ ಬಿಡ್ರಿ, ಇದನ್ನ ತಗೊಂಡು ಬರ್ರಿ" ಎಂದರು. ಪಾರ್ವತಿ ಒಳಗಿನಿಂದಲೇ, "ಅದು ಮನ್ಯಾಗಿಂದು, ಹೊರಗ ಕೊಡಂಗಿಲ್ರಿ" ಎಂದಳು. ಹೀಗಾಗಿ ಯಲಬುರ್ಗಾದಲ್ಲಿ ನಾನು ಭಾಷಣವನ್ನೇ ಮಾಡಬೇಕಾಯಿತು. ಜನ ಸುಮ್ಮನೆ ಕೂತು ಕೇಳಿದರು. ನನ್ನ ಹೆಸರಾಂತ ಜೋಕು ಮುಗಿದು ನಾನು ನಗೆಗೆಂದು ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದ್ದು ಕೇಳಿಸಿತು. ಶಾಲು ಮಡಚಿ ಚೀಲಕ್ಕೆ ಹಾಕಿಕೊಂಡು, ಇನ್ನು ಈ ಕಸುಬು ಸಾಕು ಎಂದುಕೊಂಡು ಬಸ್ಸು ಹತ್ತಿ, ಧೂಳು ತಿಂದು, ಮೈಯೆಲ್ಲ ಸೋತು ಮನೆಗೆ ಬಂದೆ. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಟೇಪು ನಡೆದಿತ್ತು, ಹಲ್ಲುಗಳು ಒಂದೊಂದೇ ಉದುರುತ್ತಿದ್ದವು. ಭಾಷಣ ಹೇಗಾಯಿತೆಂದು ಆಕೆ ಕೇಳಲಿಲ್ಲ.

"ಲಗೂ ಬರ್ರಿ, ನಿಮ್ಮ ಜಾಗಾ ಬಂತು!" ಎಂದು ಕೂಗಿದಳು.

ಒಂದು ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಓಡಿದೆ.