ಹಸಿ ಕಸ, ಒಣ ಕಸ

ಎಲ್ಲ ಅನಾಹುತಕ್ಕೂ ಕಾರಣ ಒಂದು ಡಬ್ಬ ಹಸಿರು ಪೇಂಟು.

ಅಂದು ಪರಿಸರ ಸ್ಪರ್ಧೆಗೆ ಶಾಲೆಯನ್ನು ಪರಿಶೀಲಿಸಲು ಅಧಿಕಾರಿ ಬರುವವರಿದ್ದರು. "ಮೊದಲ ಬಹುಮಾನ ಬರ್ಲಿ, ನಿಮ್ಮ ವರ್ಗಾವಣೆ ಅರ್ಜಿಗೆ ಅವತ್ತೇ ಸಹಿ ಹಾಕ್ತೀನಿ" ಎಂದು ಹೆಡ್ ಮೇಡಂ ಡ್ರಾಯಿಂಗ್ ಮೇಷ್ಟ್ರಿಗೆ ಮಾತು ಕೊಟ್ಟಿದ್ದರು. ಮೇಷ್ಟ್ರ ಹೆಂಡತಿ, ಮಗಳು ಇರುವುದು ಐದು ಗಂಟೆ ರೈಲು ಪ್ರಯಾಣದಷ್ಟು ದೂರದ ಊರಲ್ಲಿ. ನಾಲ್ಕು ವರ್ಷದ ಮಗಳು ಅವರನ್ನು ಕರೆಯುವುದೇ 'ಭಾನುವಾರದ ಅಪ್ಪ' ಅಂತ. ಅದಕ್ಕೇ ಪಾಪ, ಮೂರು ತಿಂಗಳಿಂದ ಮೇಷ್ಟ್ರು ಕಸದಲ್ಲೇ ಬದುಕಿದ್ದರು. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ನೀಲಿ ಬುಟ್ಟಿ ಎಂದು ಮಕ್ಕಳಿಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ್ದರು.

ಬೆಳಿಗ್ಗೆ ಬಂದು ನೋಡುತ್ತಾರೆ, ಹನ್ನೆರಡು ಬುಟ್ಟಿಯೂ ಹಸಿರು!

"ಏನಯ್ಯಾ ಇದು?"

"ಶಾಲೆ ಪೂರ್ತಿ ಹಸಿರಾಗಿರ್ಬೇಕು ಅಂತ ಮೇಡಂ ಹೇಳಿದ್ರಲ್ಲ ಸಾರ್," ಎಂದ ಜವಾನ ಹಲ್ಲು ಕಿರಿದು. "ಪೇಂಟು ಮಿಕ್ಕಿತ್ತು, ಬಾಗಿಲ ಹತ್ರದ ಬೆಂಚಿಗೂ ಬಳಿದೆ."

ಮಕ್ಕಳು ಆಗಲೇ ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಬಿದ್ದ ಬುಟ್ಟಿಗೆ ತುಂಬಿದ್ದರು. ಮೇಷ್ಟ್ರು ಅಂಗಿಯ ತೋಳು ಮಡಚಿ, ಅಷ್ಟನ್ನೂ ಅಂಗಳಕ್ಕೆ ಸುರಿದು, ಬರಿಗೈಯಲ್ಲೇ ಆರಿಸತೊಡಗಿದರು. ಗಣಿತದ ಮೇಷ್ಟ್ರು ಟೀ ಲೋಟ ಹಿಡಿದು ಸಲಹೆ ಕೊಡಲು ಬಂದು ನಿಂತರು.

"ಸಾರ್, ಈ ಬಿಸ್ಕತ್ ಕವರ್ ಹುಟ್ಟಿನಿಂದ ಒಣ ಕಸ. ಆದ್ರೆ ಈಗ ನೆಂದಿದೆ. ಯಾವ ಬುಟ್ಟಿಗೆ ಸೇರುತ್ತೆ?"

"ನಿಮ್ಮ ಜೇಬಿಗೆ!"

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. ಕಸದ ರಾಶಿ ನೋಡಿದರು, ಅದರ ನಡುವೆ ಕೂತ ಮೇಷ್ಟ್ರನ್ನು ನೋಡಿದರು, ಬಾಗಿಲ ಹತ್ತಿರದ ಬೆಂಚಿನ ಮೇಲೆ ಕುಳಿತರು. ಎದ್ದಾಗ ಅವರ ಬಿಳಿ ಪ್ಯಾಂಟಿನ ಹಿಂಭಾಗ ಕಲ್ಲಂಗಡಿಯ ಹಾಗೆ ಪಟ್ಟೆಪಟ್ಟೆಯಾಗಿತ್ತು. ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತರು. ಮುಗಿಯಿತು, ಅಂದುಕೊಂಡರು ಮೇಷ್ಟ್ರು, ಇನ್ನು ಜನ್ಮವಿಡೀ ಭಾನುವಾರದ ಅಪ್ಪನೇ.

ಅಧಿಕಾರಿ ಮಾತ್ರ ಮೇಷ್ಟ್ರ ಹತ್ತಿರ ಬಂದು ಹೇಳಿದರು: "ನಲವತ್ತು ಶಾಲೆ ನೋಡಿ ಬಂದೆ. ಎಲ್ಲಾ ಕಡೆ ಬರೀ ಭಾಷಣ. ಕಸಕ್ಕೆ ಕೈ ಹಾಕಿದ ಮೇಷ್ಟ್ರನ್ನ ನೋಡಿದ್ದು ಇಲ್ಲೇ. ಮೊದಲ ಬಹುಮಾನ ನಿಮ್ಮ ಶಾಲೆಗೇ!"

ಮೇಷ್ಟ್ರು ಬಿದ್ದೆನೋ ಎದ್ದೆನೋ ಎಂದು ಓಡಿ ಅರ್ಜಿ ತರುವಷ್ಟರಲ್ಲಿ ಅಧಿಕಾರಿ ಹೊರಟುಹೋಗಿದ್ದರು. ಹೆಡ್ ಮೇಡಂ ಕೈಯಲ್ಲಿ ಒಂದು ಕಾಗದವಿತ್ತು.

"ಸಹಿ ಹಾಕೋಣ ಅಂತ ಪೆನ್ನು ತೆಗೆದಿದ್ದೆ ಮೇಷ್ಟ್ರೇ. ಅವ್ರು ಹೋಗ್ತಾ ಇದನ್ನ ಬರ್ದುಕೊಟ್ರು."

ಹಸಿರು ಶಾಯಿಯಲ್ಲಿ ಎರಡೇ ಸಾಲು: 'ಇಂಥ ಶಿಕ್ಷಕರು ಈ ಶಾಲೆಯ ಆಸ್ತಿ. ಇನ್ನು ಐದು ವರ್ಷ ಇವರನ್ನು ಎಲ್ಲಿಗೂ ವರ್ಗಾಯಿಸಕೂಡದು.'

ಮೇಷ್ಟ್ರು ಹೊರಗೆ ಬಂದು ಆ ಒಣಗದ ಬೆಂಚಿನ ಮೇಲೇ ಕುಸಿದು ಕೂತರು. ಕೈಯೆಲ್ಲ ಕಸದ ಕೊಳೆ, ಕಣ್ಣೊರೆಸಿಕೊಳ್ಳುವ ಹಾಗೂ ಇಲ್ಲ. ಅರ್ಜಿಯ ಮೇಲೆ ಹನಿ ಬೀಳುತ್ತಲೇ ಇತ್ತು. ಜವಾನ ಬುಟ್ಟಿ ಹಿಡಿದು ಬಂದ.

"ಈ ಕಾಗದ ಬೇಡ್ವಾ ಸಾರ್? ಒಣ ಕಸಕ್ಕೆ ಹಾಕ್ಲಾ?"

ಮೇಷ್ಟ್ರು ಅರ್ಜಿಯನ್ನು ಅವನ ಕೈಗೆ ಕೊಟ್ಟರು.

"ಬೇಡಪ್ಪ. ನೆಂದಿದೆ. ಹಸಿ ಕಸಕ್ಕೇ ಹಾಕು."